ಪಾರ್ಲರ್ ಬಿಲ್ಲಿನಲ್ಲಿ ಯಾರ್ಯಾರ ಅನ್ನವಿದೆ?

2025ರ ಸೆಪ್ಟೆಂಬರ್ 22ರಿಂದ ಸಲೂನ್ ಮತ್ತು ಬ್ಯೂಟಿ ಪಾರ್ಲರ್ ಸೇವೆಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈನಲ್ಲಿ, ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಕೋಡ್ ಇಳಿದು, ‘ಕ್ಯಾಶ್ ಮಾತ್ರ’ ಎಂಬ ಕಾಗದ ಅಂಟಿಕೊಂಡಿತು. ಈ ಎರಡೂ ಸುದ್ದಿ ಬಂದಾಗ ಪಾರ್ಲರ್ ನಡೆಸುವವರು, ಅಲ್ಲಿ ದುಡಿಯುವವರು, ಅಲ್ಲಿಗೆ ಹೋಗುವವರು ಎಲ್ಲರೂ ಕೇಳಿದ್ದು ಒಂದೇ: ಇದರಿಂದ ನಮಗೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಮೊದಲು ಕಾಣುವುದು ಈ ಉದ್ಯಮದ ಅಗಲ. ಹುಬ್ಬು ತಿದ್ದಿಸಿಕೊಳ್ಳುವುದು, ಕೂದಲು ಕತ್ತರಿಸುವುದು, ಮದುಮಗಳಿಗೆ ಜಡೆ ಹಾಕುವುದು ಇವೆಲ್ಲ ‘ಶೋಕಿ’ಯ ಖರ್ಚು ಎಂದು ಮನೆಯ ಲೆಕ್ಕದಲ್ಲಿ ಬರೆದುಕೊಳ್ಳುವವರು ಬಹಳ. ಆ ಖರ್ಚು ಯಾರ ಕೈ ಸೇರುತ್ತದೆ ಎಂದು ಹಿಂಬಾಲಿಸಿದರೆ ಚಿತ್ರ ಬೇರೆಯೇ ಆಗುತ್ತದೆ.

ಮೊದಲು ತೆರಿಗೆಯ ವಿಷಯ

ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟು ಇರುವ ಸೇವಾ ವ್ಯವಹಾರ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೆಂದಿಲ್ಲ. ವಸ್ತು ಮಾರುವ ಅಂಗಡಿಗಳಿಗೆ ಈ ಮಿತಿ 40 ಲಕ್ಷ. ಪಾರ್ಲರ್ ಸೇವೆಯ ಲೆಕ್ಕಕ್ಕೆ ಬರುವುದರಿಂದ ಅದಕ್ಕೆ 20 ಲಕ್ಷದ ಗೆರೆ. ವಾರಕ್ಕೊಂದು ದಿನ ರಜೆ ಕಳೆದರೆ ದಿನಕ್ಕೆ ಸುಮಾರು 6,400 ರೂಪಾಯಿ ವ್ಯಾಪಾರ ಎಂದಾಯಿತು. ನಿಮ್ಮ ಕ್ರಾಸಿನಲ್ಲಿ ಒಬ್ಬರೋ ಇಬ್ಬರೋ ಸೇರಿ ನಡೆಸುವ ಪಾರ್ಲರ್ ಈ ಗೆರೆಯ ಕೆಳಗೇ ಇರುವ ಸಾಧ್ಯತೆ ಹೆಚ್ಚು. ಅಂದರೆ ಅವರು ಹಿಂದೆಯೂ ಜಿಎಸ್‌ಟಿ ಹಾಕುತ್ತಿರಲಿಲ್ಲ, ಈಗಲೂ ಹಾಕುವುದಿಲ್ಲ. ಹಾಗಾಗಿ ‘ತೆರಿಗೆ ಇಳಿದಿದೆಯಲ್ಲ, ರೇಟು ಯಾಕೆ ಇಳಿಸಿಲ್ಲ’ ಎಂದು ಅವರನ್ನು ಕೇಳುವುದು ಸರಿಯಲ್ಲ. ಇಳಿಸಲು ಅವರ ಬಿಲ್ಲಿನಲ್ಲಿ ತೆರಿಗೆಯೇ ಇರಲಿಲ್ಲ.

ನೋಂದಣಿ ಇರುವ ದೊಡ್ಡ ಸಲೂನ್‌ಗಳ ಕಥೆ ಬೇರೆ. ಅಲ್ಲಿ ಶೇ 13ರಷ್ಟು ತೆರಿಗೆ ಇಳಿದರೂ ಬಿಲ್ಲು ಅಷ್ಟೇ ಪ್ರಮಾಣದಲ್ಲಿ ಇಳಿಯಬೇಕೆಂದಿಲ್ಲ. ಕಾರಣ, ಹೂಡುವಳಿ ತೆರಿಗೆ ಜಮೆ ಎಂಬ ಸೌಲಭ್ಯ. ಸಲೂನ್‌ನವರು ಅಂಗಡಿ ಬಾಡಿಗೆ, ಕ್ರೀಮು, ಬಣ್ಣ, ಎ.ಸಿ. ರಿಪೇರಿ ಇವಕ್ಕೆಲ್ಲ ತಾವೂ ಜಿಎಸ್‌ಟಿ ಕೊಟ್ಟಿರುತ್ತಾರೆ. ಗೋಲಿ ಸೋಡಾ ಬಾಟಲಿಗೆ ಕಟ್ಟಿದ ಡಿಪಾಸಿಟ್ಟು ಬಾಟಲಿ ವಾಪಸ್ ಕೊಟ್ಟಾಗ ಕೈಗೆ ಬರುತ್ತಿತ್ತಲ್ಲ, ಹಾಗೆ ಈ ಹಣವನ್ನು ಅವರು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದಿತ್ತು. ಹೊಸ ಶೇ 5ರ ದರದಲ್ಲಿ ಆ ಅವಕಾಶ ಇಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಸೇವೆಯ ಬೆಲೆ 1,000 ರೂಪಾಯಿ. ಹಳೆಯ ಲೆಕ್ಕದಲ್ಲಿ ಗಿರಾಕಿ 180 ರೂಪಾಯಿ ತೆರಿಗೆ ಸೇರಿಸಿ 1,180 ಕೊಡುತ್ತಿದ್ದರು. ಆ ಸೇವೆ ಕೊಡಲು ಸಲೂನ್ 400 ರೂಪಾಯಿಯ ಸಾಮಾನು ಮತ್ತು ಬಾಡಿಗೆಗೆ 72 ರೂಪಾಯಿ ಜಿಎಸ್‌ಟಿ ಕೊಟ್ಟಿತ್ತು ಎಂದಿಟ್ಟುಕೊಳ್ಳಿ. 180ರಲ್ಲಿ 72 ಮುರಿದುಕೊಂಡು 108 ಮಾತ್ರ ಸರ್ಕಾರಕ್ಕೆ ಕಟ್ಟುತ್ತಿತ್ತು. ಈಗ ಆ 72 ವಾಪಸ್ ಬರುವುದಿಲ್ಲ, ಅದು ಖರ್ಚೇ ಆಯಿತು. ಮೊದಲಿನಷ್ಟೇ ಉಳಿಯಬೇಕಾದರೆ ಬೆಲೆಯನ್ನು 1,072ಕ್ಕೆ ಏರಿಸಬೇಕು. ಅದರ ಮೇಲೆ ಶೇ 5 ಸೇರಿದರೆ ಗಿರಾಕಿ ಕೊಡುವುದು ಸುಮಾರು 1,126. ಉಳಿತಾಯ 54 ರೂಪಾಯಿ, 130 ಅಲ್ಲ. ಬಾಡಿಗೆ ದುಬಾರಿಯಾದ ಮಾಲ್‌ಗಳ ಸಲೂನ್‌ನಲ್ಲಿ ಇದು ಇನ್ನೂ ಕಡಿಮೆಯಾಗಬಹುದು.

ಅದೇ ದಿನ ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಸ್ನಾನದ ಸಾಬೂನು, ಶೇವಿಂಗ್ ಕ್ರೀಮ್, ಟಾಲ್ಕಂ ಪೌಡರ್, ಫೇಸ್ ಪೌಡರ್ ಇವುಗಳ ತೆರಿಗೆಯೂ ಶೇ 18ರಿಂದ 5ಕ್ಕೆ ಬಂತು. ಲಿಪ್‌ಸ್ಟಿಕ್, ಮುಖದ ಕ್ರೀಮುಗಳು 18ರಲ್ಲೇ ಉಳಿದವು. ಕುಂಕುಮ, ಬಿಂದಿ, ಗಾಜಿನ ಬಳೆಗೆ ಜಿಎಸ್‌ಟಿ ಬಂದ ಕಾಲದಿಂದಲೂ ತೆರಿಗೆ ಇಲ್ಲ. ಯಾವುದು ಅಗತ್ಯ, ಯಾವುದು ಅಲಂಕಾರ ಎಂದು ಸರ್ಕಾರ ಗೆರೆ ಎಳೆಯುವ ರೀತಿ ಈ ಪಟ್ಟಿಯಲ್ಲೇ ಕಾಣುತ್ತದೆ.

ಈ ಉದ್ಯಮದಲ್ಲಿ ಏನೇನು ಸೇರುತ್ತದೆ

ಸ್ಥೂಲವಾಗಿ ಎರಡು ಭಾಗ. ಒಂದು ವಸ್ತುಗಳದ್ದು: ಸಾಬೂನು, ಎಣ್ಣೆ, ಶಾಂಪೂ, ಕ್ರೀಮು, ಬಣ್ಣ, ಸುಗಂಧ, ವಿಗ್ಗು. ಇನ್ನೊಂದು ಸೇವೆಗಳದ್ದು: ಕ್ಷೌರ, ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್, ಮದುವೆ ಮೇಕಪ್, ಮೆಹಂದಿ, ಸ್ಪಾ. ಇವೆರಡರ ಸುತ್ತ ತರಬೇತಿ ಕೇಂದ್ರಗಳು, ಕುರ್ಚಿ ಕನ್ನಡಿ ಮಾಡುವವರು, ಮಾಮೂಲ್‌ಪೇಟೆ ಚಿಕ್ಕಪೇಟೆಯ ಸಗಟು ಅಂಗಡಿಗಳು, ಟವೆಲ್ ಒಗೆದುಕೊಡುವವರು, ಜಾಹೀರಾತು ಮಾಡುವವರು ಇದ್ದಾರೆ. ಮದುಮಗಳ ಮೊಗ್ಗಿನ ಜಡೆಗೆ ಮಲ್ಲಿಗೆ ಬೆಳೆದವರು, ಅದನ್ನು ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಗೆ ತಂದವರು, ಕೂತು ಪೋಣಿಸಿದವರು ಕೂಡ ಈ ಸರಪಳಿಯವರೇ.

ಇಷ್ಟು ದೊಡ್ಡದಾದರೂ ಇದು ಕಣ್ಣಿಗೆ ಬೀಳದಿರಲು ಕಾರಣ ಲೆಕ್ಕ ಇಡುವ ಕ್ರಮ. ಸರ್ಕಾರಿ ಅಂಕಿಅಂಶದಲ್ಲಿ ಪ್ರತಿ ವ್ಯವಹಾರಕ್ಕೂ ಒಂದು ಸಂಖ್ಯೆಯಿದೆ. ಕ್ಷೌರ ಮತ್ತು ಸೌಂದರ್ಯ ಸೇವೆಯ ಸಂಖ್ಯೆ 9602, ‘ಇತರೆ ವೈಯಕ್ತಿಕ ಸೇವೆಗಳು’ ಎಂಬ ಗುಂಪಿನಡಿ ಬರುತ್ತದೆ. ಸಾಬೂನು ಕಾರ್ಖಾನೆ ರಾಸಾಯನಿಕ ತಯಾರಿಕೆಯ ಲೆಕ್ಕಕ್ಕೆ, ಫ್ಯಾನ್ಸಿ ಸ್ಟೋರ್ ಚಿಲ್ಲರೆ ವ್ಯಾಪಾರದ ಲೆಕ್ಕಕ್ಕೆ, ಹೂವು ತೋಟಗಾರಿಕೆಯ ಲೆಕ್ಕಕ್ಕೆ ಹೋಗುತ್ತವೆ. ಮನೆಯಲ್ಲೇ ನಡೆಯುವ ಪಾರ್ಲರ್ ಬಹಳ ಸಲ ಯಾವ ಲೆಕ್ಕಕ್ಕೂ ಹೋಗುವುದಿಲ್ಲ. ಗಾರ್ಮೆಂಟ್ಸ್ ಎಂದಾಕ್ಷಣ ಪೀಣ್ಯದ, ಬೊಮ್ಮನಹಳ್ಳಿಯ ಕಾರ್ಖಾನೆ ಗೇಟುಗಳು ಕಣ್ಣಿಗೆ ಬರುತ್ತವೆ. ಪಾರ್ಲರ್‌ಗೆ ಅಂಥ ಗೇಟಿಲ್ಲ. ಅದು ಸಾವಿರಾರು ಸಣ್ಣ ಕೋಣೆಗಳಲ್ಲಿ ಹರಡಿಕೊಂಡಿದೆ.

ಈ ಸೇವೆಗೆ ಇನ್ನೂ ಎರಡು ಗುಣಗಳಿವೆ. ಕೂದಲು ಮತ್ತೆ ಬೆಳೆಯುತ್ತದೆ. ತಿದ್ದಿದ ಹುಬ್ಬು ಮೂರ್ನಾಲ್ಕು ವಾರಕ್ಕೆ ಮತ್ತೆ ಮೊದಲಿನಂತಾಗುತ್ತದೆ. ಹಾಗಾಗಿ ಒಮ್ಮೆ ನೆಚ್ಚಿಕೊಂಡ ಗಿರಾಕಿ ತಿಂಗಳು ತಿಂಗಳೂ ಬರುತ್ತಾರೆ. ಎರಡನೆಯದು, ಹೇರ್‌ಕಟ್ಟನ್ನು ಬೇರೆ ದೇಶದಿಂದ ಆಮದು ಮಾಡಿಕೊಳ್ಳಲಾಗದು. ಮಾಡುವವರು, ಮಾಡಿಸಿಕೊಳ್ಳುವವರು ಒಂದೇ ಕಡೆ, ಕೈಗೆಟಕುವಷ್ಟು ಹತ್ತಿರ ಇರಲೇಬೇಕು. ಊರು ಬೆಳೆದಂತೆ ಈ ಕೆಲಸ ಊರೊಳಗೇ ಬೆಳೆಯುತ್ತದೆ, ದುಡ್ಡೂ ಅಲ್ಲೇ ತಿರುಗುತ್ತದೆ.

ಈ ಎರಡನೆಯ ಗುಣವೇ 2020ರಲ್ಲಿ ಮುಳುವಾಯಿತು. ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಆದಾಗ ಐ.ಟಿ. ಕೆಲಸ ಮನೆಗೆ ಹೋಯಿತು, ಕತ್ತರಿ ಕೆಲಸ ಎಲ್ಲಿಗೂ ಹೋಗಲಾಗಲಿಲ್ಲ. ಮೇ 19ರವರೆಗೆ ಕರ್ನಾಟಕದ ಸಲೂನ್‌ಗಳು ಮುಚ್ಚಿದ್ದವು. ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಘೋಷಿಸಿದ ಪರಿಹಾರದಲ್ಲಿ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಎಂದಿತ್ತು. ಈ ಕಸುಬನ್ನು ನಂಬಿದವರು ರಾಜ್ಯದಲ್ಲಿ ಎಷ್ಟಿದ್ದಾರೆ ಎಂಬುದಕ್ಕೆ ಸರ್ಕಾರದ ಬಾಯಿಂದಲೇ ಬಂದ ಸಂಖ್ಯೆ ಅದು. ಅದೂ ಕ್ಷೌರಿಕರದ್ದು ಮಾತ್ರ.

ಗಂಧದ ಮರದಿಂದ ಕೊಪ್ಪಳದ ಕೂದಲಿನವರೆಗೆ

ಬೆಂಗಳೂರಿಗೆ ಸೌಂದರ್ಯೋದ್ಯಮ ಹೊರಗಿನಿಂದ ಬಂದ ಹೊಸ ಸರಕಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಹಡಗಿನ ದಾರಿ ಮುಚ್ಚಿತು, ಗಂಧ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಇಲ್ಲೇ ಎಣ್ಣೆ ತೆಗೆಯಲು ವ್ಯವಸ್ಥೆ ಮಾಡಿದರು. ಇಂಗ್ಲೆಂಡಿನಲ್ಲಿ ಓದಿ ಬಂದ ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಯವರ ಕೈಯಲ್ಲಿ ಆ ಎಣ್ಣೆ ಸಾಬೂನಾಯಿತು. 1918ರಲ್ಲಿ ಮಾರುಕಟ್ಟೆಗೆ ಬಂದ ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ರಾಜ್ಯ ಸರ್ಕಾರದ ಉದ್ದಿಮೆಯದೇ. ಕಚ್ಚಾ ಕೊರಡು ಕಳಿಸಿದರೆ ಸಿಗುವ ದುಡ್ಡಿಗೂ, ಅದನ್ನೇ ಎಣ್ಣೆ ತೆಗೆದು, ಅಚ್ಚು ಹಾಕಿ, ಪೆಟ್ಟಿಗೆಗೆ ತುಂಬಿ ಮಾರಿದರೆ ಸಿಗುವ ದುಡ್ಡಿಗೂ ಇರುವ ವ್ಯತ್ಯಾಸವೇ ಸಂಬಳವಾಗಿ, ತೆರಿಗೆಯಾಗಿ ಊರಲ್ಲಿ ಉಳಿಯುತ್ತದೆ. ಆ ಕಾರ್ಖಾನೆಯ ಹೆಸರು ಈಗ ಹಸಿರು ಮಾರ್ಗದ ಒಂದು ಮೆಟ್ರೊ ನಿಲ್ದಾಣಕ್ಕೂ ಇದೆ.

2025ರ ಮೇ ತಿಂಗಳಲ್ಲಿ ಇದೇ ಸಂಸ್ಥೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿಕೊಂಡಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂಬ ಆಕ್ಷೇಪ ಜೋರಾಗಿ ಬಂತು. ರಾಜ್ಯದ ಹೊರಗಿನ ಮಾರುಕಟ್ಟೆ ಹಿಡಿಯಬೇಕಿದೆ ಎಂದು ಸರ್ಕಾರ ಹೇಳಿತು. ಸಾಬೂನಿನ ಜಾಹೀರಾತು ಇಷ್ಟು ದೊಡ್ಡ ಚರ್ಚೆಯಾಗಲು ಕಾರಣ ಆ ಸಾಬೂನಿನ ಮೇಲೆ ಇಲ್ಲಿನ ಜನ ಇಟ್ಟಿರುವ ಹಕ್ಕು.

ಖಾಸಗಿಯಲ್ಲೂ ಹೀಗೇ. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಹುಟ್ಟಿದ ಹಿಮಾಲಯ ಕಂಪನಿ 1975ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಮಾಕಳಿಗೆ ಬಂದು ನೆಲೆ ನಿಂತಿತು. ಇನ್ನು ಆನ್‌ಲೈನಿನಲ್ಲಿ ಲಿಪ್‌ಸ್ಟಿಕ್ ಮಾರುವ ಮಿಂತ್ರಾ, ಫ್ಲಿಪ್‌ಕಾರ್ಟ್ ಎರಡೂ ಈ ಊರಿನವೇ.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಕೂದಲಿನ ವ್ಯಾಪಾರ. ತಲೆ ಬಾಚಿದಾಗ ಬಾಚಣಿಗೆಗೆ ಸಿಕ್ಕ ಕೂದಲನ್ನು ಸುರುಳಿ ಮಾಡಿ ಕವರಿಗೆ ಹಾಕಿಟ್ಟು, ಬೀದಿಗೆ ಬರುವವರಿಗೆ ಕೊಟ್ಟು ಸ್ಟೀಲ್ ಪಾತ್ರೆಯನ್ನೋ ಹೇರ್‌ಪಿನ್ನನ್ನೋ ತೆಗೆದುಕೊಳ್ಳುವ ರೂಢಿ ನಮ್ಮ ಎಷ್ಟೋ ಬಡಾವಣೆಗಳಲ್ಲಿ ಇದೆ. ಹಾಗೆ ಸೇರಿದ ಕೂದಲು ಹೋಗುವ ಊರುಗಳಲ್ಲಿ ಕೊಪ್ಪಳದ ಭಾಗ್ಯನಗರ ಪ್ರಮುಖವಾದದ್ದು. ಅಲ್ಲಿ ಹೆಣ್ಣುಮಕ್ಕಳು ನೆಲದ ಮೇಲೆ ಕೂತು, ಗಂಟುಗಟ್ಟಿದ ಕೂದಲುಂಡೆಯನ್ನು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸುತ್ತಾರೆ. ತೊಳೆದು ಒಣಗಿಸಿ, ಮೊಳೆ ನೆಟ್ಟ ಹಲಗೆಯ ಮೇಲೆ ಎಳೆದು ಬಾಚುತ್ತಾರೆ. ಆಮೇಲೆ ಇಂಚಿನ ಲೆಕ್ಕದಲ್ಲಿ ಬೇರೆ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಉದ್ದವಾದಷ್ಟೂ ಬೆಲೆ. ಕಣ್ಣಿಗೆ, ಬೆನ್ನಿಗೆ, ಉಸಿರಿಗೆ ಕಷ್ಟ ಕೊಡುವ ಕೆಲಸವಿದು. ತಿರುಪತಿಯಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಹರಕೆಯಾಗಿ ಕೊಟ್ಟ ಮುಡಿ ಹರಾಜಿನಲ್ಲಿ ಮಾರಾಟವಾಗುತ್ತದೆ. ಅದು ಬುಡ ತುದಿ ಒಂದೇ ದಿಕ್ಕಿಗೆ ಇರುವ ಕೂದಲಾದ್ದರಿಂದ ಅದಕ್ಕೆ ಇನ್ನೂ ಹೆಚ್ಚಿನ ಬೆಲೆ. ಬಿಡಿಸದ ಕಚ್ಚಾ ಕೂದಲೇ ಹೊರದೇಶಕ್ಕೆ ಅಗ್ಗದಲ್ಲಿ ಸಾಗಿ ಇಲ್ಲಿನ ಕೈಗಳಿಗೆ ಕೆಲಸ ತಪ್ಪುತ್ತಿದೆ ಎಂಬ ದೂರು ಬಂದ ಮೇಲೆ, ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು. ನೂರು ವರ್ಷದ ಹಿಂದೆ ಗಂಧಕ್ಕೆ ಆದ ಯೋಚನೆಯೇ ಇಲ್ಲಿಯೂ ಕೆಲಸ ಮಾಡಿತು.

ಕತ್ತರಿ ಹಿಡಿದವರು ಯಾರು

ಕರ್ನಾಟಕದಲ್ಲಿ ಕ್ಷೌರ ಬಹುಕಾಲ ಜಾತಿಗೆ ಅಂಟಿದ ಕಸುಬು. ಇಂದು ಸವಿತಾ ಸಮಾಜ ಎಂದು ಕರೆದುಕೊಳ್ಳುವ ಸಮುದಾಯ ಕ್ಷೌರದ ಜೊತೆಗೆ ಮದುವೆಗಳಲ್ಲಿ ಓಲಗ ಊದುತ್ತಿತ್ತು, ನಾಟಿ ಔಷಧಿಯನ್ನೂ ಕೊಡುತ್ತಿತ್ತು. ಬಸವಣ್ಣನವರ ಒಡನಾಡಿಯಾಗಿದ್ದ 12ನೇ ಶತಮಾನದ ಶರಣ ಹಡಪದ ಅಪ್ಪಣ್ಣನವರನ್ನು ಇದೇ ಕಸುಬಿನ ಹಡಪದ ಸಮಾಜ ತನ್ನ ಹಿರಿಯನೆಂದು ಗೌರವಿಸುತ್ತದೆ. ಮಂಗಳವಾರ ಕ್ಷೌರದಂಗಡಿ ಮುಚ್ಚುವ ರೂಢಿ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈಗಲೂ ಇದೆ.

ಈ ಕಸುಬಿನೊಂದಿಗೆ ಅವಮಾನವೂ ಅಂಟಿಕೊಂಡು ಬಂದಿದೆ, ಎರಡು ದಿಕ್ಕಿನಲ್ಲಿ. ಎಲ್ಲರ ತಲೆ ಮುಟ್ಟಿ ಚೊಕ್ಕ ಮಾಡುವವರನ್ನೇ ಊರು ಕೆಳಗಿಟ್ಟು ನೋಡಿತು. ಅದೇ ಊರಿನಲ್ಲಿ ದಲಿತರಿಗೆ ಕ್ಷೌರದ ಕುರ್ಚಿ ನಿರಾಕರಿಸಲಾಯಿತು. ಕೆಲವು ಹಳ್ಳಿಗಳಿಂದ ಈ ದೂರು ಇಂದಿಗೂ ಬರುತ್ತಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷೆಗೆ ಅರ್ಹವಾದ ಅಪರಾಧ. ಎಷ್ಟೋ ಸಲ ಅಂಗಡಿಯವರಿಗೆ ಮನಸ್ಸಿದ್ದರೂ, ‘ಅವರಿಗೆ ಮಾಡಿದರೆ ನಾವು ಬರುವುದಿಲ್ಲ’ ಎಂಬ ಬಲಾಢ್ಯರ ಬೆದರಿಕೆ ಅಡ್ಡ ಬರುತ್ತದೆ. ಬೆಂಗಳೂರಿನ ಸಲೂನಿನಲ್ಲಿ ಸರದಿ ಬಂದವರು ಯಾರೇ ಆಗಲಿ ಕುರ್ಚಿಯಲ್ಲಿ ಕೂರುತ್ತಾರೆ, ಯಾವ ಊರು, ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ಹಳ್ಳಿಯಿಂದ ಬಂದ ಎಷ್ಟೋ ಹುಡುಗರಿಗೆ ನಗರ ಕೊಟ್ಟ ಮೊದಲ ಸಮಾನತೆ ಅದು ಎಂಬ ಮಾತನ್ನು ನಾನು ಹಗುರವಾಗಿ ಹೇಳುತ್ತಿಲ್ಲ.

1990ರ ದಶಕದಿಂದ ಈಚೆಗೆ ಕೆಲಸದವರ ಮುಖಗಳೂ ಬದಲಾದವು. ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ಡಾರ್ಜಿಲಿಂಗ್ ಕಡೆಯ ಯುವಕ ಯುವತಿಯರು ಬೆಂಗಳೂರಿನ ಸಲೂನ್ ಮತ್ತು ಸ್ಪಾಗಳಲ್ಲಿ ಕೆಲಸಕ್ಕೆ ಸೇರಿದರು. ಉತ್ತರ ಪ್ರದೇಶ, ಬಿಹಾರದಿಂದ ಕಸುಬು ಗೊತ್ತಿದ್ದ ಹುಡುಗರು ಬಂದರು. 2012ರ ಆಗಸ್ಟ್‌ನಲ್ಲಿ ಸುಳ್ಳುಸುದ್ದಿಯ ಎಸ್ಸೆಮ್ಮೆಸ್‌ಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದಾಗ ನಗರದ ಎಷ್ಟೋ ಸಲೂನ್‌ಗಳಲ್ಲಿ ಕೆಲಸಕ್ಕೆ ಜನರೇ ಇಲ್ಲದಂತಾಯಿತು. ಈ ಊರಿನ ಚೆಂದ ಯಾರ ಕೈಯ ಮೇಲೆ ನಿಂತಿದೆ ಎಂದು ಆ ವಾರ ಎಲ್ಲರಿಗೂ ತಿಳಿಯಿತು.

ಮನೆಯ ಮುಂದಿನ ಕೋಣೆಯ ಪಾರ್ಲರ್

ಬೆಂಗಳೂರಿನ ಬಡಾವಣೆಗಳಲ್ಲಿ ಅತಿ ಹೆಚ್ಚು ಕಾಣುವುದು ಈ ಬಗೆಯದ್ದು. ಮನೆಯ ಮುಂದಿನ ಕೋಣೆಗೋ ಗ್ಯಾರೇಜಿಗೋ ಒಂದು ಪರದೆ, ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡು, ಗೋಡೆಗೆ ಉದ್ದದ ಕನ್ನಡಿ, ಒರಗುವ ಕುರ್ಚಿ, ಮೂಲೆಯಲ್ಲಿ ವ್ಯಾಕ್ಸ್ ಕಾಯಿಸುವ ಹೀಟರ್. ಥ್ರೆಡಿಂಗ್ ಮಾಡುವವರು ಹುಬ್ಬಿಗೆ ಪೌಡರ್ ಸವರಿ, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಬೆರಳಿನ ನಡುವೆ ತಿರುಚಿ ಸರಸರನೆ ಆಡಿಸುತ್ತಾರೆ. ಶುಚಿಯ ಕಾಳಜಿಯಿಂದ ಕೆಲವರು ಈಗ ದಾರವನ್ನು ಬಾಯಿಯ ಬದಲು ಕತ್ತಿನ ಸುತ್ತ ಹಾಕಿಕೊಳ್ಳುತ್ತಾರೆ. ಕುರ್ಚಿಯಲ್ಲಿದ್ದವರು ಎರಡು ಬೆರಳಿನಿಂದ ತಮ್ಮದೇ ರೆಪ್ಪೆಯನ್ನು ಬಿಗಿಯಾಗಿ ಹಿಡಿದುಕೊಂಡಿರಬೇಕು, ಸಡಿಲ ಬಿಟ್ಟರೆ ಚರ್ಮ ಸಿಕ್ಕಿ ಕೆಂಪಾಗುತ್ತದೆ. ಐದು ನಿಮಿಷದ ಈ ಕೆಲಸದಲ್ಲಿ ಹೆಚ್ಚು ಲಾಭವಿಲ್ಲ. ಆದರೆ ಹೆಸರು ಬರುವುದು ಇದರಿಂದಲೇ. ಎರಡೂ ಹುಬ್ಬು ಸಮ ಬಂದರೆ ಗಿರಾಕಿ ಫೇಶಿಯಲ್‌ಗೆ ಬರುತ್ತಾರೆ, ತಂಗಿಯ ಮದುವೆಗೆ ಮೇಕಪ್ ಮಾಡಿಕೊಡಿ ಎನ್ನುತ್ತಾರೆ. ದುಡ್ಡಿರುವುದು ಅಲ್ಲಿ.

ಹೆಂಗಸರಿಗೆ ಇದು ಒಗ್ಗಲು ಕಾರಣಗಳು ಸರಳ. ಬಂಡವಾಳ ಕಡಿಮೆ. ಇದ್ದ ಜಾಗದಲ್ಲೇ ಶುರು ಮಾಡಬಹುದು, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬಾಗಿಲು ತೆರೆಯಬಹುದು. ಬರುವವರೂ ಹೆಂಗಸರೇ ಆದ್ದರಿಂದ, ಹೊರಗಿನ ಕೆಲಸಕ್ಕೆ ಒಪ್ಪದ ಮನೆಯವರೂ ಇದಕ್ಕೆ ಒಪ್ಪುತ್ತಾರೆ. ಕಲಿಯಲು ಪದವಿ ಬೇಕಿಲ್ಲ. ಐ.ಟಿ.ಐ.ಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಕೋರ್ಸಿದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ಸಂಸ್ಥೆಗಳು ಪಾರ್ಲರ್ ತರಬೇತಿ ಕೊಡುತ್ತವೆ. ಬಂಡವಾಳಕ್ಕೆ ಮುದ್ರಾ ಸಾಲವಿದೆ, ಅದರ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿದೆ.

ಕಷ್ಟವಿರುವುದು ಆದಾಯದ ಏರಿಳಿತದಲ್ಲಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ, ಮೇಕಪ್ ಆರ್ಡರುಗಳೂ ಇಲ್ಲ. ಶ್ರಾವಣ ಬಂದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೂರಲೂ ಜಾಗವಿರುವುದಿಲ್ಲ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ. ವರ್ಷದ ಲೆಕ್ಕ ಹಾಕದೆ ಮದುವೆ ತಿಂಗಳ ದುಡ್ಡು ನೋಡಿ ಸಾಲ ಎತ್ತಿದವರು ಆಷಾಢದಲ್ಲಿ ಸೋಲುತ್ತಾರೆ.

ಈಗ ಆ್ಯಪ್ ಮೂಲಕ ಮನೆಗೇ ಬಂದು ಸೇವೆ ಕೊಡುವವರೂ ಇದ್ದಾರೆ. ಅಂಗಡಿ ಬಾಡಿಗೆ ಇಲ್ಲ, ಗಿರಾಕಿ ಹುಡುಕುವ ಚಿಂತೆ ಇಲ್ಲ. ಬದಲಿಗೆ ಕಮಿಷನ್, ಸ್ಟಾರ್ ರೇಟಿಂಗ್, ರದ್ದುಮಾಡಿದರೆ ದಂಡ ಇವೆ. 2021ರ ಅಕ್ಟೋಬರ್‌ನಲ್ಲಿ ಗುರುಗ್ರಾಮದಲ್ಲಿ ಇಂಥ ಕೆಲಸದ ಮಹಿಳೆಯರು ಕಂಪನಿಯ ಕಚೇರಿ ಮುಂದೆಯೇ ಧರಣಿ ಕೂತರು. ಆ್ಯಪ್ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ತಂದಿದೆ. ಪ್ರತಿ ಕೆಲಸಕ್ಕೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ನಿಧಿಗೆ ಪಡೆಯಲು ಅದರಲ್ಲಿ ಅವಕಾಶವಿದೆ.

ಚೆಂದ ಕಾಣುವುದಕ್ಕೆ ಇಷ್ಟು ಬೆಲೆ ಏಕೆ

ಹೋಟೆಲ್ ರಿಸೆಪ್ಷನ್, ವಿಮಾನ, ಮಾಲಿನ ಅಂಗಡಿ, ಬ್ಯಾಂಕ್ ಕೌಂಟರ್ ಹೀಗೆ ಬೆಂಗಳೂರಿನ ಬಹಳಷ್ಟು ಕೆಲಸಗಳು ಎದುರಿಗೆ ಕೂತವರಿಗೆ ಒಪ್ಪವಾಗಿ ಕಾಣುವುದನ್ನು ಕೇಳುತ್ತವೆ. ಕೆಲಸ ಹುಡುಕುವ ಹುಡುಗಿಗೆ ಇಂಟರ್‌ವ್ಯೂ ಹಿಂದಿನ ದಿನ ಪಾರ್ಲರಿಗೆ ಕೊಟ್ಟ ಇನ್ನೂರು ರೂಪಾಯಿ ಬಸ್ ಚಾರ್ಜಿನಷ್ಟೇ ಅಗತ್ಯದ ಖರ್ಚು. ಕಿಮೋಥೆರಪಿಯಿಂದ ಕೂದಲು ಕಳೆದುಕೊಂಡವರಿಗೆ ವಿಗ್ಗು ಮತ್ತೆ ಮನೆಯಿಂದ ಹೊರಬರುವ ಧೈರ್ಯ ಕೊಡುತ್ತದೆ. ಮನೆಯಲ್ಲಿ ಹೇಳಲಾಗದ ಎಷ್ಟೋ ಮಾತು ಪಾರ್ಲರಿನ ಕುರ್ಚಿಯಲ್ಲಿ ಹೊರಬರುತ್ತವೆ.

ಇದೇ ಉದ್ಯಮ ಗಾಯವನ್ನೂ ಮಾಡಿದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಲು 2020 ಬರಬೇಕಾಯಿತು. ಕಪ್ಪಗಿರುವವರನ್ನು ಕೀಳಾಗಿ ತೋರಿಸುವ ಜಾಹೀರಾತು ಬೇಡವೆಂದು ಜಾಹೀರಾತು ಗುಣಮಟ್ಟ ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. ನಡುವಿನ ದಶಕಗಳಲ್ಲಿ ಬೆಳೆದ ಹೆಣ್ಣುಮಕ್ಕಳು ಅದೆಷ್ಟು ಮಾತು ಕೇಳಿದರು ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ. 1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವ ಸುಂದರಿ ಸ್ಪರ್ಧೆ ನಡೆದಾಗ ಮಹಿಳಾ ಸಂಘಟನೆಗಳಿಂದ ಹಿಡಿದು ಬೇರೆ ಬೇರೆ ಸಿದ್ಧಾಂತದವರು ಬೀದಿಗಿಳಿದಿದ್ದರು. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಹೆಣ್ಣಿನ ದೇಹವನ್ನು ಅಳೆದು ಅಂಕ ಕೊಡುವವರು ಯಾರು ಎಂದು ಅಂದು ಎದ್ದ ಪ್ರಶ್ನೆ ಹಳತಾಗಿಲ್ಲ.

ಕೆಲಸದ ಹಕ್ಕಿನ ಪ್ರಶ್ನೆಯೂ ಇದೆ. ಹಿಂದಿ ಚಿತ್ರರಂಗದ ಸಂಘವೊಂದು ಹೆಂಗಸರಿಗೆ ಮೇಕಪ್ ಕಲಾವಿದರ ಕಾರ್ಡ್ ಕೊಡದೆ, ಕೇಶವಿನ್ಯಾಸ ಮಾತ್ರ ಮಾಡಿ ಎನ್ನುತ್ತಿತ್ತು. ಇದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ನವೆಂಬರ್‌ನಲ್ಲಿ.

ಡಬ್ಬಿಯ ಮೇಲೆ ಓದಬೇಕಾದದ್ದು

ಭಾರತದಲ್ಲಿ ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಅಡಿ ಬರುತ್ತವೆ. ತಯಾರಕರ ಹೆಸರು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ ಇವಿಲ್ಲದ ಡಬ್ಬಿಯನ್ನು ಮುಖಕ್ಕೆ ತರಲೇಬಾರದು. ಬೇಗ ಬೆಳ್ಳಗಾಗಿಸುತ್ತೇವೆ ಎನ್ನುವ ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸ ಇರುವ ಅಪಾಯವಿದೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ಪತ್ತೆ ಮಾಡಿದ್ದರು. ಇನ್ನು ಕೆಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೂ ಉರಿ ಬಿಡುವುದಿಲ್ಲ. ಅವು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಔಷಧಗಳು.

ಕೂದಲ ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕವಿದ್ದರೆ ಎಚ್ಚರಿಕೆಯ ಮಾತು ಡಬ್ಬಿಯ ಮೇಲೆ ಇರಲೇಬೇಕು. ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ ಒಂದೆರಡು ದಿನ ಕಾದು, ತುರಿಕೆ ಬರದಿದ್ದರೆ ಮಾತ್ರ ತಲೆಗೆ ಹಚ್ಚಬೇಕು. ಹುಬ್ಬಿಗೆ, ರೆಪ್ಪೆಗೆ ಹಚ್ಚಲೇಬಾರದು, ಕಣ್ಣಿಗೆ ಅಪಾಯ. ಕಪ್ಪು ಮೆಹಂದಿ ಎಂದು ಮಾರುವುದರಲ್ಲೂ ಬಹಳ ಸಲ ಇದೇ ಪಿಪಿಡಿ ಇರುತ್ತದೆ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳಿ ಹಾಕಿಸಿಕೊಳ್ಳಿ; ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ.

ಕುರ್ಚಿಯ ಹಿಂದೆ ನಿಂತವರ ಆರೋಗ್ಯ

ಗಿರಾಕಿ ತಿಂಗಳಿಗೊಮ್ಮೆ ಮುಟ್ಟುವ ರಾಸಾಯನಿಕವನ್ನು ಕೆಲಸದವರು ದಿನವಿಡೀ ಮುಟ್ಟುತ್ತಾರೆ, ಉಸಿರಾಡುತ್ತಾರೆ. ಬೆರಳಸಂದಿಯಲ್ಲಿ ಒಡಕು, ತುರಿಕೆ, ಸೊಂಟನೋವು, ಕಾಲಿನ ನರ ಉಬ್ಬುವುದು ಈ ಕಸುಬಿನಲ್ಲಿ ಸಾಮಾನ್ಯ. ಕೂದಲು ನೇರ ಮಾಡುವ ಕೆಲವು ದ್ರಾವಣಗಳನ್ನು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಬರುತ್ತದೆ. ಅದು ಕ್ಯಾನ್ಸರ್‌ಕಾರಕ. ಕ್ಷೌರಿಕರು ಮತ್ತು ಕೇಶವಿನ್ಯಾಸಕರು ಕೆಲಸದಲ್ಲಿ ರಾಸಾಯನಿಕಗಳಿಗೆ ಒಡ್ಡಿಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿನಲ್ಲಿ ಇಟ್ಟಿದೆ. ನೈಟ್ರೈಲ್ ಕೈಗವಸು, ಕಿಟಕಿ, ಎಕ್ಸಾಸ್ಟ್ ಫ್ಯಾನ್ ಇವು ದೊಡ್ಡ ಖರ್ಚಲ್ಲ. ಎ.ಸಿ. ತಂಪು ಹೋಗುತ್ತದೆಂದು ಎಲ್ಲ ಮುಚ್ಚಿದ ಕೋಣೆಯಲ್ಲಿ ಸ್ಟ್ರೈಟನಿಂಗ್ ಮಾಡಿಸುವುದು ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ಒಳ್ಳೆಯದಲ್ಲ.

ಕಾಯಿಲೆ ಬಿದ್ದರೆ ಆಸರೆ ಏನು? ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಕಡ್ಡಾಯ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರೊಳಗೆ ಬರುತ್ತಾರೆ. ಭವಿಷ್ಯನಿಧಿಗೆ ಇಪ್ಪತ್ತು ಜನ ಇರಬೇಕು. ಇಬ್ಬರು ಮೂವರು ದುಡಿಯುವ ಪಾರ್ಲರಿನವರಿಗೆ ಎರಡೂ ತಾನಾಗಿ ಸಿಗುವುದಿಲ್ಲ. ಅವರು 2021ರಲ್ಲಿ ಶುರುವಾದ ಇ-ಶ್ರಮ್ ಪೋರ್ಟಲ್‌ನಲ್ಲಿ ಅಸಂಘಟಿತ ಕಾರ್ಮಿಕರಾಗಿ ಹೆಸರು ನೋಂದಾಯಿಸಬಹುದು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್, ಬ್ಯಾಂಕ್ ಖಾತೆಯ ವಿವರ ಇದ್ದರೆ ಸಾಕು, ಶುಲ್ಕ ಇಲ್ಲ. ನಿಮ್ಮ ಪಾರ್ಲರಿನವರು ಮಾಡಿಸಿದ್ದಾರೋ ಇಲ್ಲವೋ, ಮುಂದಿನ ಸಲ ಹೋದಾಗ ಕೇಳಿ ನೋಡಿ.